ಆಮೆನ್, ಅಮೀನ, ಅಮಾನತು

ಕೊಳ್ಳೇಗಾಲದ ಸುತ್ತಿನ ರೈತರಿಗೆ ಅಮೀನ ಅಂದರೆ ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕೋರ್ಟಿನ ನೋಟೀಸು ಹಿಡಿದು ಬರುವವರು ಅಮೀನರು. ಅವರು ಊರ ಮುಂದೆ ಬಸ್ಸಿಳಿದರು ಅನ್ನುವ ಸುದ್ದಿ ಮುಟ್ಟಿದರೆ ಸಾಕು, ಸಾಲ ಮಾಡಿದ ಯಜಮಾನ ಹಿತ್ತಿಲ ಬಾಗಿಲಿಂದ ಹೊಲದ ಕಡೆ ನಡೆದಿರುತ್ತಾನೆ. ‘ಅವ್ರು ಬೆಟ್ಟಕ್ಕೋಗವ್ರೆ ಸಾ’ ಅಂತ ಮನೆಯಾಕೆ ಹೇಳುತ್ತಾಳೆ. ಯಾವ ಬೆಟ್ಟ ಅಂತ ಅಮೀನರೂ ಕೇಳುವುದಿಲ್ಲ.

ಬಹಳ ವರ್ಷದ ಹಿಂದೆ, ಹನೂರು ಕಡೆ ಮೇಷ್ಟ್ರಾಗಿದ್ದಾಗ, ಮಾರ್ಟಳ್ಳಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಮಾರ್ಟಳ್ಳಿ ಕಡೆ ಕ್ರೈಸ್ತರ ಮನೆಗಳು ಹೆಚ್ಚು, ಮನೆಮಾತು ತಮಿಳು. ಫಾದರ್ ಒಂದೊಂದು ಪ್ರಾರ್ಥನೆ ಮುಗಿಸಿದಾಗಲೂ ಜನ ಒಟ್ಟಾಗಿ ‘ಆಮೆನ್’ ಅನ್ನುತ್ತಿದ್ದರು. ಊಟ ಮುಗಿಸಿ ಕೊಳ್ಳೇಗಾಲದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕಂಕುಳಲ್ಲಿ ಕಡತ ಇಟ್ಟುಕೊಂಡು ತೂಕಡಿಸುತ್ತ ಕೂತಿದ್ದವರು ಕೋರ್ಟಿನ ಅಮೀನರು. ಮುಂದಿನ ಸೀಟಿನವರು ಹರಡಿದ್ದ ಪೇಪರಿನಲ್ಲಿ ಯಾರೋ ಅಧಿಕಾರಿ ಅಮಾನತು ಅಂತ ದಪ್ಪಕ್ಷರದ ಸುದ್ದಿ. ಕೊಳ್ಳೇಗಾಲದಲ್ಲಿ ಇಳಿಯುವಾಗ ಸಂಜೆಯಾಗಿತ್ತು. ಮಸೀದಿಯಲ್ಲಿ ದುವಾ ನಡೆದಿತ್ತು, ಸಾಲು ಸಾಲಾಗಿ ಜನ ‘ಆಮೀನ್, ಆಮೀನ್’ ಅನ್ನುತ್ತಿದ್ದರು. ಆಮೆನ್, ಅಮೀನ, ಅಮಾನತು, ಆಮೀನ್. ಅವತ್ತು ರಾತ್ರಿ ನಿಘಂಟು ತೆಗೆದು ಕೂತವನು, ಆ ಹುಚ್ಚಿನಿಂದ ಇನ್ನೂ ಎದ್ದಿಲ್ಲ.

ನಾಲ್ಕೂ ಒಂದೇ ಬೇರಿನ ಚಿಗುರುಗಳು. ಆ ಬೇರಿಗೆ ಗಟ್ಟಿ, ನೆಚ್ಚಬಹುದಾದ್ದು ಅಂತ ಅರ್ಥ. ಹೀಬ್ರೂ ಭಾಷೆಯಲ್ಲಿ ಆಮೆನ್ ಅಂದರೆ ‘ಇದು ಗಟ್ಟಿ, ಹೀಗೇ ಆಗಲಿ’. ಯೆಹೂದ್ಯರ ಪ್ರಾರ್ಥನೆಯಿಂದ ಕ್ರೈಸ್ತರಿಗೂ ಮುಸಲ್ಮಾನರಿಗೂ ಅದು ನಡೆದುಬಂತು. ಹೀಬ್ರೂವಿನ ದಾಯಾದಿ ಭಾಷೆಯಾದ ಅರಬ್ಬಿಯಲ್ಲಿ ಅಮೀನ್ ಅಂದರೆ ನಂಬಿಕಸ್ಥ. ಸರ್ಕಾರದ ನಂಬಿಕೆಯ ಆಳು ಅಂತ ಕೋರ್ಟಿನವರಿಗೆ ಆ ಹೆಸರು ಅಂಟಿತು. ಅಮಾನತ್ ಅಂದರೆ ನಂಬಿ ಒಬ್ಬರ ಬಳಿ ಇಟ್ಟ ವಸ್ತು, ಇಡುಗಂಟು. ಕೆಲಸದಿಂದ ತೆಗೆಯದೆ, ಕೆಲಸ ಮಾಡಲೂ ಬಿಡದೆ, ನೌಕರನನ್ನು ಇಡುಗಂಟಿನ ಹಾಗೆ ಪಕ್ಕಕ್ಕೆ ಎತ್ತಿಡುವುದು ಕನ್ನಡದಲ್ಲಿ ಅಮಾನತು ಆಯಿತು. ನಂಬಿಕೆ ಅನ್ನುವ ಬೇರಿನಿಂದ ನಂಬಿಕೆ ಕಳಕೊಂಡವನಿಗೆ ಹೆಸರು!

ಕೊಳ್ಳೇಗಾಲದವರಿಗೆ ಈ ಭಾಷೆಗಳ ಕಟ್ಟನ್ನು ವಿವರಿಸುವುದು ಸುಲಭ, ರೇಷ್ಮೆ ಮಗ್ಗ ಕಂಡವರಿಗೆ ಒಂದೇ ಮಾತು ಸಾಕು. ಮಗ್ಗದಲ್ಲಿ ಹಾಸಿನ ಎಳೆ ಬಿಗಿಯಾಗಿ ನಿಂತಿರುತ್ತದೆ, ಹೊಕ್ಕಿನ ಎಳೆ ಲಾಳಿಯೊಳಗೆ ಕೂತು ಆ ಕಡೆ ಈ ಕಡೆ ಓಡಾಡುತ್ತದೆ. ಹೀಬ್ರೂ, ಅರಬ್ಬಿಗಳಲ್ಲಿ ವ್ಯಂಜನ ಹಾಸು, ಸ್ವರ ಹೊಕ್ಕು. ಸಾಮಾನ್ಯವಾಗಿ ಮೂರು ವ್ಯಂಜನ ನಿಲ್ಲುತ್ತವೆ, ಸ್ವರ ಬದಲಾದಂತೆ ಸೀರೆ ಬದಲಾಗುತ್ತದೆ. ಸ, ಲ, ಮ ಅನ್ನುವ ಹಾಸಿನ ಮೇಲೆ ಅರಬ್ಬಿ ನೇಯ್ದದ್ದು ಸಲಾಮ್, ಇಸ್ಲಾಮ್, ಮುಸ್ಲಿಮ್, ಸಲಾಮತ್. ಅದೇ ಹಾಸು ಹೀಬ್ರೂವಿನಲ್ಲಿ ಶ, ಲ, ಮ. ನೇಯ್ದದ್ದು ಶಾಲೋಮ್. ಶಾಂತಿ ಅಂತ ನಾವು ಅನುವಾದಿಸುತ್ತೇವೆ, ಒಳಗಿನ ಅರ್ಥ ಇಡಿಯಾಗಿರುವುದು, ಕೊರೆಯಿಲ್ಲದಿರುವುದು. ಹೀಬ್ರೂವಿನಲ್ಲಿ ದುಡ್ಡು ಪಾವತಿ ಮಾಡುವುದಕ್ಕೂ ಇದೇ ಬೇರು. ಬಾಕಿ ಇದ್ದದ್ದನ್ನು ಇಡಿ ಮಾಡಿದ ಅಂತ. ಸಾಲ ತೀರಿದ ಮೇಲಷ್ಟೇ ಶಾಂತಿ ಅನ್ನುವುದು ನಮ್ಮ ರೈತನಿಗೂ ಗೊತ್ತು.

ಅರಬ್ಬಿಯ ಸಕಾರ ಹೀಬ್ರೂವಿನಲ್ಲಿ ಹಲವು ಕಡೆ ಶಕಾರ. ಸಲಾಮ್ ಶಾಲೋಮ್, ಮೂಸಾ ಮೋಶೆ, ಸುಲೈಮಾನ್ ಶ್ಲೋಮೊ, ಹಿಸಾಬು ಹೆಷ್‌ಬೋನ್. ಮಾರ್ಟಳ್ಳಿಯ ಟೀ ಅಂಗಡಿಯಲ್ಲಿ ತಮಿಳಿನವರು ‘ಪಾಲ್’ ಅಂದರೆ ಕನ್ನಡದವರು ‘ಹಾಲು’ ಅನ್ನುವುದಿಲ್ಲವೇ, ‘ಪಲ್ಲು’ ಅಂದರೆ ‘ಹಲ್ಲು’ ಅನ್ನುವುದಿಲ್ಲವೇ, ಹಾಗೆ. ಒಂದು ಮಾತು ಇನ್ನೊಂದನ್ನು ಹೋಲುತ್ತದೆ ಅಂದರೆ ಏನೂ ಆಗಲಿಲ್ಲ. ಹತ್ತು ಮಾತುಗಳಲ್ಲಿ ಅದೇ ಅಕ್ಷರ ಅದೇ ಬಗೆಯಲ್ಲಿ ಬದಲಾಗಿದ್ದರೆ ಆಗ ನೆಂಟಸ್ತಿಕೆ ಮಾತಾಡಬಹುದು. ಈ ಒಂದು ಒರೆಗಲ್ಲನ್ನು ಕೈಯಲ್ಲಿ ಹಿಡಿದುಕೊಂಡು ಮುಂದಕ್ಕೆ ಹೋಗೋಣ.

ಹಿಸಾಬಿನ ಮಾತು ಬಂತು. ಇಸ್ರೇಲಿನ ಹೋಟೆಲಿನಲ್ಲಿ ತಿಂದಾದ ಮೇಲೆ ಬಿಲ್ಲು ಕೊಡಿ ಅನ್ನಲು ‘ಹೆಷ್‌ಬೋನ್’ ಅಂದರೆ ಸಾಕು. ದುಡ್ಡು ಕೊಟ್ಟು ರಸೀದಿ ಬೇಕಾದರೆ ‘ಕಬ್ಬಾಲಾ’ ಅನ್ನಬೇಕು. ನಾವು ಕಬೂಲು ಅನ್ನುವುದರ ದಾಯಾದಿ ಅದು. ಕಬೂಲು ಅಂದರೆ ಒಪ್ಪಿಕೊಂಡದ್ದು, ಕಬ್ಬಾಲಾ ಅಂದರೆ ಪಡೆದದ್ದು. ಯೆಹೂದ್ಯರ ಅನುಭಾವ ಪಂಥಕ್ಕೂ ಕಬ್ಬಾಲಾ ಅಂತಲೇ ಹೆಸರು, ಗುರುವಿನಿಂದ ಪಡೆದ ಗುಟ್ಟು ಅಂತ. ಗುಟ್ಟಿನ ಅನುಭಾವಕ್ಕೂ ಹೋಟೆಲಿನ ರಸೀದಿಗೂ ಒಂದೇ ಮಾತು! ಹನೂರು ಕಡೆ ಬಗರ್ ಹುಕುಂ ಅರ್ಜಿ ಹಾಕಿ ಕಾಯುತ್ತಿರುವ ರೈತರಿದ್ದಾರೆ. ಅವರ ಹುಕುಂ ಕೂಡ ಈ ಕುಲದ್ದೇ. ಹೀಬ್ರೂವಿನಲ್ಲಿ ಹಾಖಾಮ್ ಅಂದರೆ ವಿವೇಕಿ. ಅದೇ ಬೇರಿನಿಂದ ಅರಬ್ಬಿಯ ಹಕೀಮ ವೈದ್ಯನಾದ, ಹುಕುಂ ಅಪ್ಪಣೆಯಾಯಿತು. ‘ಹುಕುಂ ಅಂದರೆ ವಿವೇಕದ ಒಡಹುಟ್ಟು’ ಅಂತ ಆ ರೈತನ ಮುಂದೆ ಹೇಳಿ ನೋಡಿ, ಯಾವ ಆಫೀಸಿನಲ್ಲಿ ಸ್ವಾಮಿ ಅಂತ ಕೇಳುತ್ತಾನೆ.

ಕೋರ್ಟಿನ ಕಾಗದದಲ್ಲೇ ಒಂದು ಗುಂಡಿಯೂ ಇದೆ. ಅಮೀನ, ಜಾಮೀನು, ಜಮೀನು. ಮೂರೂ ಒಂದೇ ತಾಯಿ ಮಕ್ಕಳ ಹಾಗೆ ಕೇಳುತ್ತವೆ. ನಾನೂ ಮೊದಲು ಹಾಗೇ ತಿಳಿದು, ತರಗತಿಯಲ್ಲಿ ಪಾಠವನ್ನೂ ಮಾಡಿಬಿಟ್ಟೆ. ಆಮೇಲೆ ನೋಡಿದರೆ ಜಾಮೀನು ಅರಬ್ಬಿಯದೇ ಆದರೂ ಬೇರೆ ಬೇರಿನದು, ಹೊಣೆ ಹೊರುವುದು ಅಂತ. ಜಮೀನು ಪಾರ್ಸಿಯದು, ನೆಲ ಅಂತ. ಅದು ಈ ಮನೆತನಕ್ಕೇ ಸೇರಿದ್ದಲ್ಲ. ಆ ಮಕ್ಕಳು ಈಗ ದೊಡ್ಡವರಾಗಿದ್ದಾರೆ, ಯಾರಾದರೂ ಕೇಳುತ್ತಿದ್ದರೆ ಈ ಮೂಲಕ ತಿದ್ದಿಕೊಳ್ಳಬೇಕು.

ಇಷ್ಟಕ್ಕೂ ಹೀಬ್ರೂ ಅನ್ನುವ ಹೆಸರಿಗೆ ಏನರ್ಥ? ಅವರ ನುಡಿಯಲ್ಲಿ ಅದು ಇವ್ರಿ. ದಾಟು ಅನ್ನುವ ಬೇರಿನಿಂದ ಬಂದದ್ದು, ಆಚೆ ದಡದವನು ಅಂತ ಹಿಂದಿನಿಂದ ಅರ್ಥ ಹೇಳಿಕೊಂಡು ಬಂದಿದ್ದಾರೆ. ಹೊಳೆ ದಾಟಿ ಬಂದ ಅಬ್ರಹಾಮನ ವಂಶದವರು. ಈ ಅರ್ಥ ಓದಿದಾಗ ನನಗೆ ನಮ್ಮ ಅಜ್ಜಿಯ ನೆನಪಾಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೊಳ್ಳೇಗಾಲ ಇಂಗ್ಲಿಷರ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು, 1956ರ ನವೆಂಬರ್ 1ರವರೆಗೂ ಮದರಾಸಿನ ಆಳ್ವಿಕೆ. ಪಕ್ಕದ ಯಳಂದೂರು ಮಾತ್ರ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಮೈಸೂರು ಸೀಮೆ. ಕೂಗಳತೆಯಲ್ಲಿ ಎರಡು ಸರ್ಕಾರ. ಕಾವೇರಿಯ ಆ ದಡದವರ ಬಗ್ಗೆ ಮಾತಾಡುವಾಗ ಅಜ್ಜಿ ಹೆಸರು ಹಿಡಿಯುತ್ತಿರಲಿಲ್ಲ, ‘ಹೊಳೆ ಅಕ್ಕಡೆಯೋರು’ ಅನ್ನುತ್ತಿದ್ದಳು. ಅವರೂ ನಮ್ಮನ್ನು ಹಾಗೇ ಅನ್ನುತ್ತಿದ್ದಿರಬೇಕು. ಅಂದ ಮೇಲೆ ಎರಡೂ ದಡದವರು ಇವ್ರಿಗಳೇ. ಕೊಚ್ಚಿಯಲ್ಲಿ 1568ರಲ್ಲಿ ಕಟ್ಟಿದ ಯೆಹೂದ್ಯರ ಪ್ರಾರ್ಥನಾ ಮಂದಿರಕ್ಕೆ ಇವತ್ತಿಗೂ ಪರದೇಸಿ ಸಿನಗಾಗ್ ಅನ್ನುತ್ತಾರೆ. ಇವ್ರಿಗೆ ಅದಕ್ಕಿಂತ ಒಳ್ಳೆಯ ಅನುವಾದ ಸಿಗಲಾರದು.

ಹೀಬ್ರೂ ಮಾತುಗಳು ಕೊಳ್ಳೇಗಾಲ, ಹನೂರು, ಯಳಂದೂರು, ನಮ್ಮ ಈ ಮೂರು ತಾಲೂಕುಗಳಲ್ಲಿ ದಿನಾ ಕೂಗಿಸಿಕೊಳ್ಳುವುದು ಹಾಜರಿ ಪುಸ್ತಕದಲ್ಲಿ. ಯೂಸುಫ್ ಮತ್ತು ಜೋಸೆಫ್ ಒಂದೇ ಬೆಂಚಿನಲ್ಲಿ ಕೂತ ಒಂದೇ ಹೆಸರು, ‘ಇನ್ನಷ್ಟು ಕೊಡಲಿ’ ಅಂತ ಅರ್ಥ. ಇಸ್ಮಾಯಿಲ್ ಅಂದರೆ ‘ದೇವರು ಕೇಳಿಸಿಕೊಂಡ’. ದಾವೂದ್, ಡೇವಿಡ್ ಅಂದರೆ ಮುದ್ದಿನವನು. ಯಾಕೂಬ್ ದೊಡ್ಡ ಸಂಚಾರಿ. ಹೀಬ್ರೂವಿನ ಯಾಕೋವ್ ಇಂಗ್ಲಿಷಿನಲ್ಲಿ ಒಮ್ಮೆ ಜೇಕಬ್, ಒಮ್ಮೆ ಜೇಮ್ಸ್. ಸ್ಪ್ಯಾನಿಷ್, ಪೋರ್ಚುಗೀಸಿನಲ್ಲಿ ಸಂತ ಅನ್ನುವ ಮಾತಿಗೆ ಅಂಟಿಕೊಂಡು ಸಾಂತಿಯಾಗೊ. ಅಲ್ಲಿಂದ ನಮ್ಮ ಕಡೆಗೆ ಬಂದು ಸಂತಿಯಾಗಪ್ಪ. ಇವರೆಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ಅವರಿಗೇ ತಮ್ಮ ಗುರುತು ಸಿಗುವುದಿಲ್ಲ.

ನನ್ನನ್ನು ಬೆರಗುಗೊಳಿಸಿದ್ದು ಅರುಳಪ್ಪ. ಯೋಹಾನಾನ್ ಅನ್ನುವ ಹೀಬ್ರೂ ಹೆಸರಿಗೆ ‘ದೇವರು ಕರುಣೆ ತೋರಿದ’ ಅಂತ ಅರ್ಥ. ಇಂಗ್ಲಿಷಿನ ಜಾನ್ ಅದರ ಸವೆದ ರೂಪ, ಸವೆದು ಸವೆದು ಅರ್ಥವೇ ಕಾಣದ ನಾಣ್ಯ. ತಮಿಳು ಕ್ರೈಸ್ತರು ಮಾತ್ರ ಅದನ್ನು ಹಾಗೇ ಬಿಡದೆ ಅರುಳ್, ಅಂದರೆ ಕರುಣೆ, ಅನ್ನುವ ತಮ್ಮ ಮಾತಿನಿಂದ ಅರುಳಪ್ಪ ಮಾಡಿದರು. ಹಾಗೆಯೇ ಲ್ಯಾಟಿನ್ನಿನಲ್ಲಿ ಚಿಕ್ಕವನು ಅನ್ನುವ ಅರ್ಥದ ಪೌಲ ಚಿನ್ನಪ್ಪನಾದ. ಬಂಡೆ ಅನ್ನುವ ಅರ್ಥದ ಪೇತ್ರ ರಾಯಪ್ಪನಾದ, ತೆಲುಗಿನಲ್ಲಿ ರಾಯಿ ಅಂದರೆ ಕಲ್ಲು. ಚಿನ್ನಪ್ಪ, ರಾಯಪ್ಪ ಅಂದರೆ ನಾವು ನಮ್ಮೂರ ಗೌಡರ ಹೆಸರು ಅಂದುಕೊಳ್ಳುತ್ತೇವೆ. ಅನುವಾದ ಅಂದರೆ ಹಾಗಿರಬೇಕು, ಅನುವಾದ ಅಂತ ಯಾರಿಗೂ ಹೊಳೆಯಬಾರದು.

ಈಗ ಒರೆಗಲ್ಲಿಗೆ ನಿಲ್ಲದವು. ಹೀಬ್ರೂ ಮನೆಗಳಲ್ಲಿ ಮಕ್ಕಳು ತಂದೆಯನ್ನು ಅಬ್ಬ ಅಂತಲೂ ತಾಯಿಯನ್ನು ಇಮ್ಮ ಅಂತಲೂ ಕರೆಯುತ್ತವೆ. ಎರಡೂ ಹೀಬ್ರೂವಿನ ಸೋದರ ಭಾಷೆ ಅರಮಾಯಿಕ್‌ನಿಂದ ಬಂದವು. ಅಪ್ಪ ಅಮ್ಮ ಅನ್ನುವ ನಮಗೆ ಮೈ ನವಿರೇಳುವುದು ಸಹಜ. ಕನ್ನಡವೂ ಹೀಬ್ರೂವೂ ಒಂದೇ ಅಂತ ಇದೊಂದರ ಮೇಲೆ ಭಾಷಣ ಬಿಗಿಯುವವರನ್ನು ಕಂಡಿದ್ದೇನೆ. ಹಲ್ಲು ಮೂಡದ ಕೂಸಿಗೆ ಮೊದಲು ಸಿಗುವುದು ಎರಡು ತುಟಿ. ಅದರಿಂದ ಪ, ಬ, ಮ ಬಿಟ್ಟು ಬೇರೆ ಬರುವುದು ಕಷ್ಟ. ಲೋಕದ ಯಾವ ಮೂಲೆಯ ಕೂಸಾದರೂ ಅಷ್ಟೇ. ಅದು ನೆಂಟಸ್ತಿಕೆಯ ಗುರುತಾಗದು. ಮರಿಯಮ್ಮ, ಮಾರಿಯಮ್ಮ ಕೂಡ ಹಾಗೆಯೇ. ಮರಿಯ ಹೀಬ್ರೂವಿನ ಮಿರ್ಯಾಮ್. ನಮ್ಮ ಊರೂರಿನ ಮಾರಮ್ಮನ ಮಾರಿ ಬೇರೆಯದೇ ಮಾತು. ಹರಕೆ ಹೊತ್ತವರು ಇಬ್ಬರಲ್ಲೂ ನಡೆದುಕೊಳ್ಳಬಹುದು, ನಿಘಂಟಿನವನು ಇಬ್ಬರನ್ನೂ ಬೇರೆ ಬೇರೆ ಪುಟದಲ್ಲೇ ಕೂರಿಸಬೇಕು.

ಬಂದವುಗಳನ್ನೇ ಹೇಳುತ್ತಿದ್ದೇನೆ, ಹೋದವುಗಳ ಕತೆ ಇನ್ನೂ ಚೆಂದ. ಹೀಬ್ರೂ ಬೈಬಲಿನ ಅರಸುಗಳ ಪುಸ್ತಕದಲ್ಲಿ ಸೊಲೊಮೋನ ಅರಸನಿಗೆ ಮೂರು ವರ್ಷಕ್ಕೊಮ್ಮೆ ಹಡಗುಗಳಲ್ಲಿ ಬರುತ್ತಿದ್ದ ಸಾಮಾನಿನ ಪಟ್ಟಿ ಇದೆ. ಚಿನ್ನ, ಬೆಳ್ಳಿ, ಆನೆದಂತ, ಕೋತಿ, ನವಿಲು. ನವಿಲಿಗೆ ಅಲ್ಲಿರುವ ಮಾತು ತುಕ್ಕಿ. ತಮಿಳಿನ ತೋಗೈ, ಅಂದರೆ ನವಿಲುಗರಿ, ಅದರ ಮೂಲ ಅಂತ ಅನೇಕ ವಿದ್ವಾಂಸರು ಹೇಳುತ್ತಾರೆ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ಕಾಲ್ಡ್‌ವೆಲ್ ಪಾದ್ರಿಯೂ ಇದನ್ನು ಎತ್ತಿ ಹೇಳಿದ್ದಾನೆ. ಕನ್ನಡದ ತೋಕೆ, ಅಂದರೆ ಬಾಲ, ಅದರ ಒಡಹುಟ್ಟು. ತಮಾಷೆಯೆಂದರೆ ಇವತ್ತಿನ ಹೀಬ್ರೂವಿನಲ್ಲಿ ತುಕ್ಕಿ ಅಂದರೆ ಗಿಣಿ. ಇಲ್ಲಿಂದ ಬಾಲವಾಗಿ ಹೊರಟದ್ದು ಅಲ್ಲಿ ನವಿಲಾಗಿ, ಕೊನೆಗೆ ಗಿಣಿಯಾಗಿ ಕೂತಿದೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಹಿಪ್ಪಲಿ, ಮೆಣಸು ಹೊಸದಲ್ಲ. ಸಂಸ್ಕೃತದಲ್ಲಿ ಪಿಪ್ಪಲಿ ಆದದ್ದು ಪಾರ್ಸಿಯ ದಾರಿ ಹಿಡಿದು ಹೀಬ್ರೂವಿನಲ್ಲಿ ಪಿಲ್‌ಪೆಲ್ ಆಯಿತು, ಮೆಣಸು ಅಂತ. ಯೆಹೂದ್ಯ ಪಂಡಿತರು ಶಾಸ್ತ್ರಗ್ರಂಥದ ಒಂದು ಸಾಲನ್ನು ಮುಂದಿಟ್ಟುಕೊಂಡು ದಿನಗಟ್ಟಲೆ ಕೂದಲು ಸೀಳುವ ವಾದಕ್ಕೆ ಪಿಲ್‌ಪುಲ್ ಅನ್ನುತ್ತಾರೆ, ಮೆಣಸಿನಷ್ಟು ಚುರುಕು ಅಂತ. ನಮ್ಮ ಕಡೆ ಅಂಥ ವಾದ ಹಜಾಮರ ಅಂಗಡಿಯ ಬೆಂಚಿನ ಮೇಲೆ ನಡೆಯುತ್ತದೆ, ಹೆಸರಿಟ್ಟಿಲ್ಲ ಅಷ್ಟೇ.

ಈ ಮಾತುಗಳೆಲ್ಲ ಹಡಗು ಹತ್ತಿದ್ದು ಕರಾವಳಿಯಲ್ಲಿ. ಅಲ್ಲಿ ಒಬ್ಬ ಮನುಷ್ಯನ ಹೆಸರು ಸಮೇತ ದಾಖಲೆ ಉಳಿದಿದೆ. ಅಬ್ರಹಾಂ ಬೆನ್ ಯಿಜು, ಟ್ಯುನೀಸಿಯಾದ ಮಹ್ದಿಯಾ ಪಟ್ಟಣದ ಯೆಹೂದಿ ವರ್ತಕ. 12ನೇ ಶತಮಾನದಲ್ಲಿ ಹದಿನೈದು ವರ್ಷಕ್ಕೂ ಮೇಲ್ಪಟ್ಟು ಮಂಗಳೂರಿನಲ್ಲಿದ್ದ. ಹಿತ್ತಾಳೆ, ಕಂಚಿನ ಪಾತ್ರೆ ಮಾಡಿಸುತ್ತಿದ್ದ, ಮೆಣಸು, ಕಬ್ಬಿಣ ಕಳಿಸುತ್ತಿದ್ದ. 1132ರ ಅಕ್ಟೋಬರಿನಲ್ಲಿ ಅಶು ಎಂಬ ಹೆಂಗಸನ್ನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರ ಮಂಗಳೂರಿನಲ್ಲೇ ಬರೆದದ್ದು. 1149ರಲ್ಲಿ ಊರು ಬಿಟ್ಟು ಹೊರಟ. ಅವನ ಕಾಗದಗಳು ಉಳಿದದ್ದು ಯೆಹೂದ್ಯರ ಒಂದು ಪದ್ಧತಿಯಿಂದ. ದೇವರ ಹೆಸರಿರಬಹುದಾದ ಬರಹವನ್ನು ಅವರು ಹರಿದು ಬಿಸಾಡುವುದಿಲ್ಲ, ಗೆನಿಜಾ ಅನ್ನುವ ಕೋಣೆಯಲ್ಲಿ ತುಂಬಿಡುತ್ತಾರೆ. ಗೆನಿಜಾದ ಮೂಲ ಪಾರ್ಸಿಯ ಗಂಜ್, ಅಂದರೆ ಭಂಡಾರ. ರಾಯಚೂರು ಕಡೆ ಮಾರುಕಟ್ಟೆಗೆ ಗಂಜ್ ಅನ್ನುವುದು ಅದೇ ಮಾತು. ಕೈರೋದ ಹಳೇ ಗೆನಿಜಾದಲ್ಲಿ ಸಿಕ್ಕಿದ ಬೆನ್ ಯಿಜುವಿನ ಪತ್ರಗಳು ಅರಬ್ಬಿ ನುಡಿಯವು, ಅಕ್ಷರ ಮಾತ್ರ ಹೀಬ್ರೂ.

ಆ ಹೀಬ್ರೂ ಅಕ್ಷರಗಳ ನಡುವೆ ಅವನ ಆಳಿನ ಹೆಸರು ಬರುತ್ತದೆ. ಏಡನ್ನಿನ ವರ್ತಕರು ಕಾಗದದ ಕೊನೆಯಲ್ಲಿ ಮರೆಯದೆ ಅವನಿಗೂ ಕ್ಷೇಮ ಕೇಳುತ್ತಾರೆ. ಹೀಬ್ರೂ ಬರಹದಲ್ಲಿ ಸ್ವರ ಹೆಚ್ಚಾಗಿ ಬಿಟ್ಟುಹೋಗುವುದರಿಂದ ಬ, ಮ ವ್ಯಂಜನಗಳ ನಡುವಿನ ಸ್ವರ ತಿಳಿಯುತ್ತಿರಲಿಲ್ಲ. ಹಾಸು ಉಳಿದು ಹೊಕ್ಕು ಕಳೆದುಹೋದ ಸೀರೆ. 1992ರಲ್ಲಿ ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್ ಬರೆದ ಅಮಿತಾವ್ ಘೋಷ್, ವಿದ್ವಾಂಸ ಬಿ.ಎ. ವಿವೇಕ ರೈ ಅವರ ನೆರವಿನಿಂದ ಆ ಹೆಸರನ್ನು ಬೊಮ್ಮ ಅಂತ ಓದಿದರು. ಬೊಮ್ಮ! ನಮ್ಮ ಕಡೆ ಕೂಗಿದರೆ ನಾಲ್ಕು ಮನೆಯಿಂದ ಓಗೊಡುವ ಹೆಸರು. ನಮ್ಮ ನಾಡಿಗೂ ಹೀಬ್ರೂಗೂ ಸಂಬಂಧ ಏನು ಅಂತ ಕೇಳಿದವರಿಗೆ ನಾನು ಅಪ್ಪ ಅಮ್ಮನನ್ನು ತೋರಿಸುವುದಿಲ್ಲ, ಬೊಮ್ಮನನ್ನು ತೋರಿಸುತ್ತೇನೆ.

ಯಿಡ್ಡಿಷ್ ಬಗ್ಗೆಯೂ ಎರಡು ಮಾತು. ಪೂರ್ವ ಯುರೋಪಿನ ಯೆಹೂದ್ಯರ ಮನೆಮಾತು ಅದು. ಮೈ ಜರ್ಮನ್, ಅಕ್ಷರ ಹೀಬ್ರೂ, ಹೀಬ್ರೂ ಮಾತೂ ಸ್ಲಾವ್ ಮಾತೂ ಒಳಗೆ ಧಾರಾಳ. ಇದೆಂಥ ಕಲಬೆರಕೆ ಅನ್ನಿಸಿದರೆ ಕೊಳ್ಳೇಗಾಲದ ಸಂತೆಯಲ್ಲಿ ಐದು ನಿಮಿಷ ನಿಂತುಕೊಳ್ಳಿ. ನಮ್ಮ ಮುಸಲ್ಮಾನರ ದಖನಿಯ ಮೈ ಹಿಂದಿಯ ಕುಲದ್ದು, ಬರೆದರೆ ಅರಬ್ಬಿ ಅಕ್ಷರ, ಮರಾಠಿಯ ನಕ್ಕೊ, ನಡುನಡುವೆ ಕನ್ನಡ. ಬರಹದ ಭಾಷೆಯವರು ಎರಡನ್ನೂ ಒಂದು ಕಾಲದಲ್ಲಿ ಕೀಳಾಗಿ ಕಂಡರು. ಎರಡನೇ ಮಹಾಯುದ್ಧಕ್ಕೆ ಮುಂಚೆ ಯಿಡ್ಡಿಷ್ ಆಡುವವರು ಸುಮಾರು ಒಂದು ಕೋಟಿ. ಹಿಟ್ಲರನ ಕಾಲದಲ್ಲಿ ಕೊಲೆಯಾದ 60 ಲಕ್ಷ ಯೆಹೂದ್ಯರಲ್ಲಿ ಬಹುಪಾಲು ಅವರೇ. ಯಿಡ್ಡಿಷಿನಲ್ಲೇ ಬರೆದ ಐಸಾಕ್ ಬಾಷೆವಿಸ್ ಸಿಂಗರ್‌ಗೆ 1978ರಲ್ಲಿ ನೊಬೆಲ್ ಬಂತು.

ಯಿಡ್ಡಿಷಿನ ಕೆಲವು ಮಾತು ಅಮೆರಿಕದ ಇಂಗ್ಲಿಷಿಗೆ ಹತ್ತಿ, ಅಲ್ಲಿಂದ ಬೆಂಗಳೂರಿನ ಕಂಪನಿಗೆ ಇಳಿದಿವೆ. ಕಂಪ್ಯೂಟರ್ ಕೈಕೊಟ್ಟಾಗ ನಮ್ಮ ಹುಡುಗರು ಅನ್ನುವ ‘ಗ್ಲಿಚ್’, ಜಾರು ಅನ್ನುವ ಅರ್ಥದ ಯಿಡ್ಡಿಷ್ ಮಾತಿನಿಂದ ಬಂದಿರಬೇಕು. ಮಜಲ್ ತೋವ್ ಅಂದರೆ ಶುಭವಾಗಲಿ. ಮಜಲ್ ಅಂದರೆ ಮೂಲದಲ್ಲಿ ಆಕಾಶದ ರಾಶಿ. ‘ಅವನ ನಕ್ಷತ್ರ ಚೆನ್ನಾಗಿದೆ’ ಅನ್ನುವ ನಮಗೆ ಬೇರೆ ವಿವರಣೆ ಬೇಡ. ಖುಟ್ಸ್‌ಪೆ ಅಂದರೆ ಪೊಗರು ಅಂತ ನಿಘಂಟಿನಲ್ಲಿ ಬರೆಯಬಹುದು, ಸಾಲದು. ನಿಮ್ಮ ತೋಟದ ಹಲಸಿನ ಹಣ್ಣು ಕದ್ದವನು ಅದನ್ನು ಕೊಯ್ಯುವ ಮುಂಚೆ ಅಂಟು ಹತ್ತಬಾರದು ಅಂತ ನಿಮ್ಮ ಮನೆಗೇ ಎಣ್ಣೆ ಕೇಳಲು ಬರುತ್ತಾನಲ್ಲ, ಅದು ಖುಟ್ಸ್‌ಪೆ. ಇನ್ನು ಮೆಂಚ್. ಹುಟ್ಟಿದವರೆಲ್ಲ ಮೆಂಚ್ ಆಗುವುದಿಲ್ಲ, ಕಷ್ಟಕ್ಕೆ ನಿಂತವನು ಮೆಂಚ್. ‘ಅವ ಮನ್ಷ ಕಣಪ್ಪ’ ಅನ್ನುವಾಗ ನಮ್ಮೂರಿನವರ ದನಿಯಲ್ಲಿ ಇರುವುದು ಇದೇ ತೂಕ. ಇಲ್ಲಿ ಒರೆಗಲ್ಲೂ ಒಪ್ಪುತ್ತದೆ. ಜರ್ಮನ್ನಿನ ಮೆನ್ಷ್, ಸಂಸ್ಕೃತದ ಮನುಷ್ಯ ಎರಡಕ್ಕೂ ಹಿಂದೆ ಇರುವುದು ಮನು ಅನ್ನುವ ಒಂದೇ ಹಳೆಯ ಮಾತು.

ಕೊನೆಗೆ ಈ ರೇಡಿಯೊ ಪೆಟ್ಟಿಗೆಯ ವಿಚಾರ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಶುರುಮಾಡಿದ ಬಾನುಲಿಗೆ ಆಕಾಶವಾಣಿ ಅನ್ನುವ ಹೆಸರು ಬಂತು. ಪುರಾಣದಲ್ಲಿ ಕಂಸನನ್ನು ಹೆದರಿಸಿದ ಮಾತು ಕೃಷಿ ಸಮಾಚಾರ ಓದುವ ಕೆಲಸಕ್ಕೆ ಸೇರಿತು. 1881ರಲ್ಲಿ ಜೆರುಸಲೇಮಿಗೆ ಹೋದ ಎಲಿಯೆಜರ್ ಬೆನ್ ಯೆಹೂದಾ ಕೂಡ ಇದನ್ನೇ ಮಾಡಿದ. ನೂರಾರು ವರ್ಷ ಯಾರ ಮನೆಮಾತೂ ಆಗಿರದ ಹೀಬ್ರೂವನ್ನು ತನ್ನ ಮನೆಯಲ್ಲಿ ಮಗನ ಬಾಯಿಗೆ ಹಾಕಿದ. ಹಳೆಯ ಮಾತುಗಳಿಗೆ ಹೊಸ ಚಾಕರಿ ಹಚ್ಚಿದ. ನಮ್ಮ ಆಕಾಶವಾಣಿಯ ಹಾಗೆ ಬಾನಿನಿಂದ ಇಳಿಯುವ ದನಿಗೆ ಯೆಹೂದ್ಯರ ಹಳೆಯ ಗ್ರಂಥಗಳಲ್ಲಿ ಬತ್ ಕೋಲ್ ಅನ್ನುವ ಹೆಸರಿದೆ. ಅಕ್ಷರಶಃ, ದನಿಯ ಮಗಳು.

ನಿಮ್ಮಲ್ಲಿ ಒಂದು ಕೇಳಿಕೆ. ಹನೂರು, ಯಳಂದೂರು, ಕೊಳ್ಳೇಗಾಲದ ಯಾವುದೇ ಹಟ್ಟಿಯಲ್ಲಿ, ಪೋಡಿನಲ್ಲಿ, ದೊಡ್ಡಿಯಲ್ಲಿ ಹಿರಿಯರ ಬಾಯಲ್ಲಿ ಮಾತ್ರ ಉಳಿದ ಮಾತು ನಿಮಗೆ ಗೊತ್ತಿದ್ದರೆ ಬರೆದು ಕಳಿಸಿ. ಅರ್ಥ ಬರೆಯದಿದ್ದರೂ ಅಡ್ಡಿಯಿಲ್ಲ, ಯಾರ ಬಾಯಲ್ಲಿ, ಯಾವ ಊರಲ್ಲಿ, ಯಾವ ಕೆಲಸ ಮಾಡುವಾಗ ಕೇಳಿದಿರಿ ಅನ್ನುವುದನ್ನು ಮಾತ್ರ ತಪ್ಪದೆ ಬರೆಯಿರಿ.